ಜೆರಾಕ್ಸಿನಲ್ಲೂ ಉಳಿಯುವ ಗೆರೆ

ಮನೆಯಿಂದ,
ಭಾನುವಾರ, ಸೆಪ್ಟೆಂಬರ್ ೮

ನನ್ನ ಚಿನ್ನು,

ದೂರದಿಂದಲೇ ನಿನ್ನ ಕೆನ್ನೆ ಹಿಂಡಿದ್ದೇನೆ ಎಂದುಕೋ. ನಾನು ಚೆನ್ನಾಗಿದ್ದೇನೆ. ಮಂಡಿನೋವು ಅದರ ಪಾಡಿಗೆ ಅದಿದೆ, ನಾನು ನನ್ನ ಪಾಡಿಗಿದ್ದೇನೆ. ಫೋನ್ ಇರುವಾಗ ಈ ಅಮ್ಮನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹತ್ತಿತು ಎಂದು ಲಕೋಟೆ ಒಡೆಯುವಾಗಲೇ ಹುಬ್ಬು ಗಂಟಿಕ್ಕಿರುತ್ತೀ. ಕಾರಣ ನೀನೇ. ಆಟದ ಟೀಚರ್ ಆದಾಗಿನಿಂದ ನಿನಗೆ ಬೇಡದ ಮಾತು ಬಂದ ಕೂಡಲೇ ಸೀಟಿ ಊದಿ ಆಟ ನಿಲ್ಲಿಸುವ ಅಭ್ಯಾಸವಾಗಿದೆ. ಹೋದ ವಾರ ನಾನು ‘ನಿಮ್ಮಪ್ಪ’ ಎಂದಿದ್ದೇ ತಡ, ನೀನು ಲೈನ್ ಸರಿಯಿಲ್ಲ ಎಂದು ಫೋನ್ ಇಟ್ಟೆ. ಲೈನ್ ಏನೂ ಆಗಿರಲಿಲ್ಲ ಕಣೇ, ನಿನ್ನ ಬೆನ್ನ ಹಿಂದೆ ಮಕ್ಕಳು ಚೆಂಡಿಗಾಗಿ ಜಗಳವಾಡುವುದೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಕಾಗದಕ್ಕೆ ಸೀಟಿ ಊದಲು ಬರುವುದಿಲ್ಲ. ಸಿಟ್ಟು ಬಂದರೆ ಮಡಿಸಿಡು, ಇಳಿದ ಮೇಲೆ ಮತ್ತೆ ಬಿಚ್ಚು.

ನೀನು ಕೇಳಿದ್ದು ನನ್ನ ಪುಸ್ತಕದ ಕಥೆ. ನಾನು ಹೇಳಹೊರಟಿರುವುದೂ ಅದನ್ನೇ. ನಡುವೆ ಅವರು ಬಂದರೆ ತಪ್ಪು ನನ್ನದಲ್ಲ, ಪುಸ್ತಕದ್ದು.

ನಮ್ಮ ನರ್ಸಿಂಗ್ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ನಾನು ಅಂಗರಚನೆ ಪಾಠ ಮಾಡುತ್ತೇನಲ್ಲ, ಅದಕ್ಕೊಂದು ಗೊತ್ತುಮಾಡಿದ ಪುಸ್ತಕವಿತ್ತು. ತಲೆದಿಂಬಿನಷ್ಟು ದಪ್ಪ, ಹಾಳೆ ಹಾಳೆಗೂ ಬಣ್ಣ. ಎರಡು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬರುತ್ತಿತ್ತು. ಒಳಗೆ ಮೂಳೆಗಳು ಇದ್ದಲ್ಲೇ ಇರುತ್ತಿದ್ದವು, ಪುಟಸಂಖ್ಯೆ ಮಾತ್ರ ಅತ್ತಿತ್ತ ಓಡಾಡುತ್ತಿತ್ತು. ಅಕ್ಕಂದಿರ ಪುಸ್ತಕ ತಂಗಿಯರಿಗೆ ಆಗಿಬರಬಾರದು, ಅಷ್ಟೇ ಅದರ ಉದ್ದೇಶ. ಕೊಳ್ಳಬಲ್ಲವರು ತರಗತಿಯಲ್ಲಿ ಒಂದು ಬೆಂಚಿನಷ್ಟು ಮಂದಿ. ಉಳಿದವರು ಲೈಬ್ರರಿಯ ಪ್ರತಿಗೆ ಸರದಿ ನಿಲ್ಲುತ್ತಿದ್ದರು, ಇಲ್ಲವೇ ಗೇಟಿನ ಎದುರಿನ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸುತ್ತಿದ್ದರು. ಜೆರಾಕ್ಸಿನ ಜೆರಾಕ್ಸ್, ಅದರದ್ದೊಂದು ಜೆರಾಕ್ಸ್.

ಹೋದ ವರ್ಷದ ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಒಬ್ಬ ಹುಡುಗಿಯ ಮುಂದೆ ತೋಳಿನ ಬಣ್ಣದ ಚಿತ್ರವಿಟ್ಟು, ಇದರಲ್ಲಿ ಅಪಧಮನಿ ಯಾವುದು, ಅಭಿಧಮನಿ ಯಾವುದು ಎಂದು ಕೇಳಿದರು. ಹುಡುಗಿ ಚಿತ್ರವನ್ನು ಅತ್ತಿತ್ತ ತಿರುಗಿಸಿ ನೋಡಿದಳು. “ಹೃದಯದಿಂದ ಹೊರಡೋದು ಕೆಂಪು, ವಾಪಸ್ ಬರೋದು ನೀಲಿ. ಪುಸ್ತಕದಲ್ಲಿ ನೋಡಿಲ್ವೇನಮ್ಮಾ?” ಎಂದರು. ಅವಳು ಬಹಳ ವಿನಯದಿಂದ, “ನೋಡಿದೀನಿ ಸರ್. ನಮ್ಮ ಪುಸ್ತಕದಲ್ಲಿ ಎರಡೂ ಕಪ್ಪು” ಎಂದಳು.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಅವಳ ಪುಸ್ತಕ ಇಸಿದುಕೊಂಡು ನೋಡಿದೆ. ತೋಳಿನ ಚಿತ್ರ ಸುಟ್ಟ ಕೊಳ್ಳಿಯ ಹಾಗಿತ್ತು. ತರಗತಿಯಲ್ಲಿ ಗೋಡೆಯ ಮೇಲೆ ನಾನು ಪ್ರೊಜೆಕ್ಟರಿನಲ್ಲಿ ಬಣ್ಣದ ಚಿತ್ರ ಬಿಡುತ್ತೇನೆ, ನಿಜ. ಆದರೆ ಅವಳು ಮನೆಗೆ ಹೋಗಿ ಕಣ್ಣು ಕಿರಿದು ಮಾಡಿಕೊಂಡು ಓದುವುದು ಆ ಕೊಳ್ಳಿಯನ್ನು. ನಾಳೆ ಇದೇ ಹುಡುಗಿ ಯಾರದೋ ತೋಳಿಗೆ ಸೂಜಿ ಚುಚ್ಚಬೇಕು.

ಆ ಹಾಳೆಯನ್ನು ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟೆ. ನಮ್ಮ ಪ್ರಿನ್ಸಿಪಾಲರನ್ನು ನೀನು ನೋಡಿದ್ದೀಯ, ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ಎಟಕುವುದಿಲ್ಲ. ಆದರೆ ಒಮ್ಮೆ ಪಟ್ಟು ಹಿಡಿದರೆ ಆ ತಾಯಿಯನ್ನು ಅಲ್ಲಾಡಿಸುವವರಿಲ್ಲ. ಮುಂದಿನ ಸಭೆಯಲ್ಲೇ ಹೊಸ ನಿಯಮ ತಂದರು. ಮೊದಲ ವರ್ಷದ ಯಾವ ವಿಷಯಕ್ಕೂ ಪುಸ್ತಕ ಕೊಳ್ಳಲೇಬೇಕು ಎಂಬ ಸ್ಥಿತಿ ಇರಬಾರದು. ಯಾರು ಬೇಕಾದರೂ ಓದಬಹುದಾದ, ನಕಲು ಮಾಡಬಹುದಾದ, ತಿದ್ದಿ ಹಂಚಬಹುದಾದ ಪುಸ್ತಕಗಳು ಪ್ರಪಂಚದಲ್ಲಿ ಈಗ ಬೇಕಾದಷ್ಟಿವೆ, ಮೂಲ ಬರೆದವರ ಹೆಸರು ಹೇಳಿದರೆ ಸಾಕು. ಅಂಥವನ್ನು ನಾವು ತೆಗೆದುಕೊಳ್ಳಬೇಕು. ನಮ್ಮ ಮಕ್ಕಳಿಗೆ ಒಗ್ಗುವಂತೆ ಬದಲಾಯಿಸಿಕೊಳ್ಳಬೇಕು. ಆ ಕೆಲಸ ಹೊತ್ತವರಿಗೆ ಪಾಠದ ಹೊರೆ ಇಳಿಸಬೇಕು.

ಶಸ್ತ್ರಚಿಕಿತ್ಸೆಯ ಪ್ರೊಫೆಸರ್ ಎದ್ದು ನಿಂತರು. ಪ್ರತಿ ಮಾತನ್ನೂ ‘ಆದರೆ’ಯಿಂದ ಶುರು ಮಾಡುವುದರಿಂದ ನಾವೆಲ್ಲ ಅವರನ್ನು ‘ಆದರೆ ಸರ್’ ಅನ್ನುತ್ತೇವೆ. “ಆದರೆ ಮೇಡಂ, ತಪ್ಪಿದ್ರೆ ಯಾರು ಹೊಣೆ? ದುಡ್ಡು ಕೊಟ್ಟು ತಗೊಂಡ ಪುಸ್ತಕಕ್ಕೆ ಹೇಳೋರು ಕೇಳೋರು ಇರ್ತಾರೆ. ಇದು ಕಥೆಪುಸ್ತಕ ಅಲ್ಲ, ತಪ್ಪು ಗೆರೆ ಎಳೆದ್ರೆ ರೋಗಿ ಸಾಯ್ತಾನೆ” ಎಂದರು. ಅವರ ಮೇಲೆ ಎಷ್ಟೇ ಮುನಿಸಿದ್ದರೂ ಆ ಮಾತಿನಲ್ಲಿ ಹುರುಳಿತ್ತು. ಪ್ರಿನ್ಸಿಪಾಲರೂ ಒಪ್ಪಿದರು. ಹೊಸ ವರ್ಷ ಶುರುವಾಗುವ ಮೊದಲು ಪುಸ್ತಕ ಪೂರ್ತಿ ತಯಾರಾಗಿ ಪರಿಶೀಲನಾ ಸಭೆಯಲ್ಲಿ ಪಾಸಾಗಬೇಕು, ಇಲ್ಲದಿದ್ದರೆ ಹಳೆಯ ತಲೆದಿಂಬೇ ಗತಿ ಎಂದು ತೀರ್ಮಾನವಾಯಿತು. ಅಂಗರಚನೆಯ ಹೊರೆ ನನ್ನ ಹೆಗಲಿಗೆ ಬಿತ್ತು.

ಬರಹಕ್ಕೆ ಅಷ್ಟೇನೂ ಕಷ್ಟವಾಗಲಿಲ್ಲ. ಬೇರೆಲ್ಲೋ ಯಾರೋ ಪುಣ್ಯಾತ್ಮರು ಬರೆದಿಟ್ಟ ಒಳ್ಳೆಯ ಮುಕ್ತ ಪುಸ್ತಕವಿತ್ತು. ನಾನೂ ಇಬ್ಬರು ಸಹೋದ್ಯೋಗಿಗಳೂ ಕೂತು ಅದನ್ನು ನಮ್ಮ ಮಾತಿಗೆ ತಂದೆವು. ಎಡವಿದ್ದು ಚಿತ್ರಗಳಲ್ಲಿ. ಅದರ ಚಿತ್ರಗಳೂ ನಾಜೂಕಾದ ಬಣ್ಣದವು. ಜೆರಾಕ್ಸ್ ಮಾಡಿಸಿ ನೋಡಿದರೆ ಮತ್ತದೇ ಕೊಳ್ಳಿ. ಹಳೆಯ ಪುಸ್ತಕದ ಪ್ರಕಾಶಕರಿಗೆ ಬರೆದು, ಬಣ್ಣ ಹಾಕುವ ಮೊದಲಿನ ಗೆರೆಚಿತ್ರಗಳನ್ನಾದರೂ ಬಳಸಬಹುದೇ ಎಂದು ಕೇಳಿದೆ. ಚಿತ್ರಗಳು ಸಂಸ್ಥೆಯ ಸ್ವತ್ತು, ಸಾಧ್ಯವಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು.

ಆ ಚಿತ್ರಗಳನ್ನು ಬರೆದ ಕೈ ಯಾರದೆಂದು ನಿನಗೆ ಗೊತ್ತು. ನೀನು ಅಂಬೆಗಾಲಿಟ್ಟಿದ್ದೇ ಆ ಮೇಜಿನ ಕೆಳಗೆ.

ಈಗ ಮಡಿಸಿಡಬೇಡ. ಇನ್ನೊಂದಿಷ್ಟು ಓದು.

ನಿಮ್ಮಪ್ಪನ ಹತ್ತಿರ ಹೋಗುವ ಮನಸ್ಸು ನನಗಿರಲಿಲ್ಲ. ನಾವು ಬೇರೆಯಾಗಿದ್ದು ಜಗಳವಾಡಿ ಅಲ್ಲ, ಮಾತು ಸತ್ತು. ದಿನಗಟ್ಟಲೆ ಬೆನ್ನು ಬಗ್ಗಿಸಿ ಬರೆದದ್ದನ್ನು ಆ ಪುಸ್ತಕದ ಕಂಪನಿಯಲ್ಲಿ ಯಾರೋ ಕತ್ತರಿಸುತ್ತಿದ್ದರು, ಮೇಲೆ ಬಣ್ಣ ಬಳಿಯುತ್ತಿದ್ದರು, ಹೆಸರು ಒಂದು ಮೂಲೆಯಲ್ಲೂ ಹಾಕುತ್ತಿರಲಿಲ್ಲ. ಆ ಸಿಟ್ಟನ್ನು ಅವರು ಅಲ್ಲಿ ತೋರಿಸದೆ ಜೋಪಾನವಾಗಿ ಮನೆಗೆ ತರುತ್ತಿದ್ದರು. ನೀನು ಓಟದಲ್ಲಿ ಗೆದ್ದ ದಿನ ಮೈದಾನಕ್ಕೆ ಬರಲಿಲ್ಲ. ಅದನ್ನು ಮರೆತುಬಿಡು ಎಂದು ನಾನು ಹೇಳುವುದಿಲ್ಲ. ನಾನೂ ಮರೆತಿಲ್ಲ.

ಆದರೂ ಹೋದೆ. ಟೈಲರ್ ಅಂಗಡಿಯ ಮೇಲೊಂದು ಕೋಣೆ. ಕೆಳಗೆ ಹೊಲಿಗೆ ಮಷಿನ್ ಓಡಿದರೆ ಮೇಲೆ ಇವರ ಮೇಜು ನಡುಗುತ್ತದೆ. ಹಾಗಾಗಿ ಸಣ್ಣ ಗೆರೆಗಳನ್ನೆಲ್ಲ ಟೈಲರ್ ಊಟಕ್ಕೆ ಎದ್ದಾಗ ಎಳೆಯುವುದು ರೂಢಿಯಂತೆ. ಬಾಗಿಲು ತೆರೆದು ನನ್ನನ್ನು ನೋಡಿ, “ಬನ್ನಿ, ಕೂತ್ಕೊಳ್ಳಿ” ಎಂದರು. ಬಹುವಚನ! ಕೆಲಸ ಕೊಡಲು ಬಂದ ಗಿರಾಕಿಗೆ ಹೇಳುವ ಹಾಗೆ. ನಾನೂ ಗಿರಾಕಿಯ ಹಾಗೇ ಕೂತೆ. ಹುಡುಗಿಯ ಕಥೆ ಹೇಳಿ ಕಪ್ಪು ಹಾಳೆ ಮುಂದಿಟ್ಟೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ತಾವೇ ಬರೆದ ತೋಳು ಗುರುತು ಸಿಗದ ಹಾಗಾಗಿತ್ತು. ನಾನು ಏನೇನೋ ಉತ್ತರ ತಯಾರು ಮಾಡಿಕೊಂಡು ಹೋಗಿದ್ದೆ, ಅವರು ಅದ್ಯಾವುದನ್ನೂ ಕೇಳಲಿಲ್ಲ. “ಇದನ್ನ ಯಾವ ಮಷಿನ್ನಲ್ಲಿ ಮಾಡ್ಸಿದ್ದು?” ಎಂದಷ್ಟೇ ಕೇಳಿ ಚಪ್ಪಲಿ ಮೆಟ್ಟಿಕೊಂಡರು.

ಅಂಗಡಿಯ ಜೆರಾಕ್ಸ್ ಅಕ್ಕನಿಗೂ ಇವರಿಗೂ ನಡೆದ ಮಾತುಕತೆಯನ್ನು ನೀನು ಕೇಳಬೇಕಿತ್ತು. ನಿಮ್ಮ ಮಷಿನ್ನಲ್ಲಿ ತೀರಾ ಕೆಟ್ಟದಾಗಿ ಬರೋದು ಯಾವಾಗ ಎಂದು ಕೇಳಿದರು. ಅವಳಿಗೆ ರೇಗಿತು. “ನಮ್ಮ ಮಷಿನ್ ಯಾವಾಗ್ಲೂ ಚೆನ್ನಾಗೇ ಬರುತ್ತೆ. ಬೇಕಾದ್ರೆ ಮಾಡ್ಸಿ, ಇಲ್ದಿದ್ರೆ ಬಿಡಿ.” “ಹಾಗಲ್ಲಮ್ಮ, ನನಗೆ ಕೆಟ್ಟದಾಗಿ ಬರೋದೇ ಬೇಕು” ಎಂದರು. ಪಾಪ, ಅವಳು ನನ್ನ ಮುಖ ನೋಡಿದಳು, ಈ ಮನುಷ್ಯ ಸರಿಯಾಗಿದ್ದಾರಾ ಎಂಬಂತೆ. ನಾನು ಸರಿಯಾಗಿದ್ದಾರೆ ಎಂದು ತಲೆಯಾಡಿಸಿದೆ. ಅವರ ಪರವಾಗಿ ಯಾರಿಗಾದರೂ ತಲೆಯಾಡಿಸಿ ಎಷ್ಟು ಕಾಲವಾಗಿತ್ತೋ.

ಅಲ್ಲಿಂದ ಮುಂದೆ ನಾನು ನೋಡಿದ ಮನುಷ್ಯನೇ ಬೇರೆ ಚಿನ್ನು. ಬಣ್ಣವೇ ಬೇಡ, ಗೆರೆಯಲ್ಲೇ ಎಲ್ಲ ಹೇಳುತ್ತೇನೆ ಎಂದರು. ಅಪಧಮನಿಗೆ ಓರೆ ಪಟ್ಟೆ, ಅಭಿಧಮನಿಗೆ ಚುಕ್ಕೆ ಹಾಕಿ ಜೆರಾಕ್ಸ್ ಮಾಡಿಸಿದರು. ಅದರ ಜೆರಾಕ್ಸ್, ಮತ್ತೆ ಅದರದ್ದು. ಕೊನೆಕೊನೆಗೆ ಚುಕ್ಕೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಮಸಿಯಾದವು. ಚುಕ್ಕೆ ಬಿಟ್ಟರು. ಅಪಧಮನಿಗೆ ದಪ್ಪ ಪಟ್ಟೆ, ಅಭಿಧಮನಿಗೆ ಬರೀ ಬಿಳಿ, ನರಕ್ಕೆ ಒಂದೇ ಗಟ್ಟಿ ಗೆರೆ, ಮೂಳೆಯ ಹಿಂದೆ ಮರೆಯಾಗುವುದಕ್ಕೆಲ್ಲ ತುಂಡು ಗೆರೆ. ಟೋನರ್ ಮುಗಿಯುತ್ತ ಬಂದ ಮಷಿನ್ನಿನಲ್ಲೂ ಅದು ಉಳಿಯಿತು. ಅಂದು ಅವರು ಆ ಮಸುಕು ಹಾಳೆ ಹಿಡಿದು ರಸ್ತೆಯಲ್ಲೇ ನಿಂತು ನಕ್ಕ ನಗು, ನೀನು ಹುಟ್ಟಿದ ದಿನ ನಕ್ಕಿದ್ದರಲ್ಲ, ಅಂಥದ್ದು. ನಿನಗೆ ಆ ನಗು ನೆನಪಿರುವುದಿಲ್ಲ, ನನಗಿದೆ.

ಇನ್ನೊಂದು ತೊಡಕಿತ್ತು. ಹಳೆಯ ಚಿತ್ರಗಳು ಕಂಪನಿಯವು. “ಆ ಗೆರೆ ನನ್ನ ಕೈಯಲ್ಲೇ ಕೂತಿದೆ. ಕಣ್ಣು ಮುಚ್ಚಿ ಬರೆದ್ರೂ ಅದೇ ಬರುತ್ತೆ, ಬಂದ್ರೆ ಅವರದ್ದಾಗುತ್ತೆ” ಎಂದರು. ಅದಕ್ಕಾಗಿ ನಮ್ಮ ವಿಭಾಗದ ಕೋಣೆಗೇ ಬಂದು, ಅಸ್ಥಿಪಂಜರದ ಪಕ್ಕ ಸ್ಟೂಲ್ ಹಾಕಿಕೊಂಡು, ಒಂದೊಂದು ಮೂಳೆಯನ್ನೂ ಕೈಯಲ್ಲಿ ಹಿಡಿದು, ಜೀವಮಾನದಲ್ಲಿ ಮೊದಲ ಸಲ ನೋಡುತ್ತಿರುವವರ ಹಾಗೆ ಹೊಸದಾಗಿ ಬರೆದರು. ಜೀವಂತ ತೋಳು ಬೇಕೆಂದಾಗ ಬಂದು ಕೂತವಳು ಆ ಹುಡುಗಿಯೇ. ಅಷ್ಟರಲ್ಲಿ ಕಾಲೇಜಿನಲ್ಲೆಲ್ಲ ಅವಳ ಹೆಸರು ‘ಎರಡೂ ಕಪ್ಪು’ ಎಂದಾಗಿತ್ತು. ಕರೆದರೆ ಅವಳೂ ನಗುತ್ತ ‘ಓ’ ಅನ್ನುತ್ತಿದ್ದಳು.

ಅವಳಿಗೆ ಅಳುಕಿಲ್ಲ. ಹೃದಯದ ಚಿತ್ರ ಮುಗಿದ ದಿನ ಇವರು ಬಹಳ ಹೆಮ್ಮೆಯಿಂದ ಎಲ್ಲರಿಗೂ ತೋರಿಸಿದರು. ನಾವೆಲ್ಲ ಆಹಾ ಎಂದೆವು. ಅವಳು ಮಾತ್ರ ತಲೆ ಓರೆ ಮಾಡಿ, “ಚೆನ್ನಾಗಿದೆ ಸರ್. ಆದ್ರೆ ಈ ಬಾಣ ಒಳಗೆ ಹೋಗ್ತಿದೆಯೋ ಹೊರಗೆ ಬರ್ತಿದೆಯೋ ಗೊತ್ತಾಗ್ತಿಲ್ಲ” ಎಂದಳು. ಇವರೋ, ಕಂಪನಿಯ ಸಂಪಾದಕ ಒಂದು ಗೆರೆ ಬದಲಿಸಿದರೆ ವಾರಗಟ್ಟಲೆ ಮನೆಯಲ್ಲಿ ತುಟಿ ಬಿಚ್ಚದ ಮನುಷ್ಯ. ಅವರು ಅವಳನ್ನು ನೋಡಿದರು, ಚಿತ್ರ ನೋಡಿದರು. “ಹೌದಲ್ಲ” ಎಂದರು. ಹಾಳೆ ಪಕ್ಕಕ್ಕಿಟ್ಟು ಹೊಸದು ತೆಗೆದರು. ಅವಳಿಗೆ ಅರ್ಥವಾಗುವವರೆಗೆ ಹೃದಯವನ್ನು ಮತ್ತೆ ಮತ್ತೆ ಬರೆದರು. ಬೇಸರದ ಒಂದು ಉಸಿರೂ ಇಲ್ಲ.

ಅಂಥ ಒಂದು ಮಧ್ಯಾಹ್ನವೇ ಇದು ನಡೆದದ್ದು. ಮೊಣಕೈ ಚಿತ್ರಕ್ಕೆ ನಾನು ಹೆಸರುಗಳನ್ನು ಸೇರಿಸುತ್ತಿದ್ದೆ. ಅವರು ಬಗ್ಗಿ ನೋಡಿದವರೇ, “ನಾಲ್ಕು ಹೆಸರು ಸಾಕು ಅಂದ್ರೆ ಹದಿನಾಲ್ಕು ತುರುಕ್ತೀಯಲ್ಲೇ! ಮೂಳೆ ಎಲ್ಲಿ ಕಾಣುತ್ತೆ ಇದ್ರಲ್ಲಿ?” ಎಂದು ರೇಗಿದರು. ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವರಿಗೂ ತಮ್ಮ ಬಾಯಿಂದ ಏಕವಚನ ಬಂದದ್ದು ತಿಳಿದು ಕಿವಿ ಕೆಂಪಾಯಿತು. ನಾನು ಅವರನ್ನು ತಿದ್ದಲಿಲ್ಲ. ಹೆಸರುಗಳನ್ನು ಮಾತ್ರ ಕಡಿಮೆ ಮಾಡಿದೆ. ಮಾರನೆಯ ದಿನದಿಂದ ‘ನೀವು’ ಮತ್ತೆ ಬರಲಿಲ್ಲ.

ಈ ಕೆಲಸ ಅವರಿಗೆ ಎಷ್ಟು ತುಟ್ಟಿಯಾಯಿತು ಎಂಬುದು ನನಗೆ ಗೊತ್ತಾಗಿದ್ದು ತೀರಾ ತಡವಾಗಿ, ಅದೂ ಬೇರೆಯವರ ಬಾಯಿಂದ. ಪುಸ್ತಕ ಕಂಪನಿಯ ಮಾರಾಟದವನು ಸ್ಟಾಫ್ ರೂಮಿನಲ್ಲಿ ಪೆನ್ನು, ಕ್ಯಾಲೆಂಡರ್ ಹಂಚುತ್ತ, “ನಿಮ್ಮ ಯಜಮಾನ್ರು ನಮ್ಮ ಕೆಲಸಾನೇ ಬಿಟ್ಬಿಟ್ರಲ್ಲ ಮೇಡಂ” ಎಂದ. ಕಾಲೇಜಿನ ಆ ಪುಸ್ತಕಕ್ಕೆ ಬರೆಯುವುದಾದರೆ ನಮಗೆ ಬರೆಯುವುದು ಬೇಡ ಎಂದು ಕಂಪನಿ ಹೇಳಿತ್ತಂತೆ. ಇವರು ಅರ್ಧ ಮುಗಿದಿದ್ದ ಕೆಲಸವನ್ನು ಅಚ್ಚುಕಟ್ಟಾಗಿ ಕಟ್ಟಿ ವಾಪಸ್ ಕಳಿಸಿದರಂತೆ. ನನಗೆ ಒಂದು ಮಾತು ಹೇಳಿರಲಿಲ್ಲ. ನಾನು ಹೋಗಿ ತರಾಟೆಗೆ ತೆಗೆದುಕೊಂಡೆ. ಇಷ್ಟು ವರ್ಷದ ಅನ್ನದ ದಾರಿಯಲ್ಲವೇ ಅದು, ಒಂದು ಸಲ ಹೇಳಬಾರದಿತ್ತೇ ಎಂದೆ. ಅವರು ಪೆನ್ಸಿಲ್ ಚೂಪು ಮಾಡುತ್ತಲೇ, “ಅವರಿಗೆ ಬರೆಯೋಕೆ ಬೇಕಾದಷ್ಟು ಜನ ಸಿಗ್ತಾರೆ. ಈ ಹುಡುಗಿಗೆ ಯಾರು ಸಿಗ್ತಾರೆ ಹೇಳು” ಎಂದರು. ಈಗ ಎರಡು ಶಾಲೆಗಳಲ್ಲಿ ಡ್ರಾಯಿಂಗ್ ಮೇಷ್ಟ್ರು. ಮಕ್ಕಳು ಬರೆದ ವಕ್ರ ಬೆಕ್ಕುಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ಆ ಮಾತು ಸತ್ತ ಮನುಷ್ಯ!

ಪರಿಶೀಲನಾ ಸಭೆಯ ದಿನ ಬಂತು. ‘ಆದರೆ ಸರ್’ ಕನ್ನಡಕ ಏರಿಸಿ ಪುಟ ತಿರುಗಿಸತೊಡಗಿದರು. ತಪ್ಪು ಹುಡುಕಲೆಂದೇ ಕೂತಿದ್ದರು, ಹುಡುಕಿಯೂ ಬಿಟ್ಟರು. ಮೊಣಕೈ ಚಿತ್ರದಲ್ಲಿ ಕಿರುಬೆರಳಿನ ಕಡೆಗೆ ಇಳಿಯುವ ನರ ಒಳಬದಿಯ ಉಬ್ಬುಮೂಳೆಯ ಹಿಂದಿನಿಂದ ಹೋಗಬೇಕು. ಅಲ್ಲಿ ತುಂಡು ಗೆರೆ ಇರಬೇಕಿತ್ತು. ಗಟ್ಟಿ ಗೆರೆ ಬಿದ್ದಿತ್ತು, ನರ ಮೂಳೆಯ ಮುಂದಿನಿಂದ ಹೋದ ಹಾಗೆ. ಸರ್ ತಮ್ಮ ಮೊಣಕೈಯನ್ನು ಮೇಜಿನ ಅಂಚಿಗೆ ಟಣ್ಣನೆ ಬಡಿದು, “ಇಲ್ಲಿ ಬಡಿದ್ರೆ ಜುಂ ಅನ್ನುತ್ತಲ್ಲ, ಆ ನರ ಸ್ವಾಮಿ! ಹಿಂದೆ ಇರೋದಕ್ಕೇ ಜುಂ ಅನ್ನೋದು!” ಎಂದು ಕೂಗಿದರು. ಆ ಪುಟವನ್ನು ನಾನು ಹತ್ತು ಸಲ ನೋಡಿದ್ದೆ. ನನ್ನ ಕಣ್ಣಿಗೂ ಬಿದ್ದಿರಲಿಲ್ಲ.

ನಿಮ್ಮಪ್ಪ ಗೋಡೆಯ ಪಕ್ಕದ ಕುರ್ಚಿಯಿಂದ ಎದ್ದರು. ಈಗ ಹೊರಟೇ ಹೋಗುತ್ತಾರೆ, ಬಾಗಿಲು ಧಡಾರೆನ್ನುತ್ತದೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಬಾಗಿಲು ಸದ್ದಾಗಲಿಲ್ಲ. ಅವರು ಸರ್ ಪಕ್ಕಕ್ಕೆ ಹೋಗಿ, “ತಪ್ಪಾಗಿದೆ. ನೀವು ನೋಡಿದ್ದು ದೊಡ್ಡ ಉಪಕಾರವಾಯ್ತು” ಎಂದರು. ಅಲ್ಲೇ ಕೂತು ಬಿಳಿ ಹಚ್ಚಿ, ಗೆರೆಯನ್ನು ತುಂಡು ಮಾಡಿ ಅವರ ಮುಂದಿಟ್ಟರು. ಸರ್ ಪೆಚ್ಚಾಗಿ, “ಆದರೆ… ಇಷ್ಟೇನಾ? ಹಳೇ ಪುಸ್ತಕದಲ್ಲೊಂದು ತಪ್ಪಿದೆ ಅಂತ ನಾನು ಆರು ವರ್ಷದಿಂದ ಕಂಪನಿಗೆ ಬರೀತಾ ಇದೀನಿ, ಇವತ್ತಿಗೂ ಉತ್ತರ ಇಲ್ಲ” ಎಂದರು. ಪ್ರಿನ್ಸಿಪಾಲರು ಕಾಲು ನೆಲಕ್ಕೆ ಎಟಕದ ತಮ್ಮ ಕುರ್ಚಿಯಿಂದ ಮುಂದಕ್ಕೆ ಬಾಗಿ, ಇದು ನಮ್ಮ ಪುಸ್ತಕ ಸರ್, ಬೆಳಗ್ಗೆ ಕಂಡ ತಪ್ಪನ್ನು ಸಂಜೆಯೊಳಗೆ ತಿದ್ದಬಹುದು, ತಿದ್ದಿದವರ ಹೆಸರೂ ಒಳಗೆ ಬರುತ್ತದೆ ಎಂದರು. ಸರ್ ಇನ್ನೊಂದು ಸಲ ಮೊದಲ ಪುಟದಿಂದ ಶುರು ಮಾಡಿದರು. ಈ ಸಲ ಪೆನ್ಸಿಲ್ ಕೇಳಿ ಇಸಿದುಕೊಂಡರು. ಸಾಯಂಕಾಲದವರೆಗೂ ಅವರಿಬ್ಬರೂ ತಲೆಗೆ ತಲೆ ತಾಗಿಸಿ ಕೂತಿದ್ದರು. ಪುಸ್ತಕ ಪಾಸಾಯಿತು. ಕೈ ಎತ್ತಿದವರಲ್ಲಿ ಎಲ್ಲರಿಗಿಂತ ಎತ್ತರದ ಕೈ ‘ಆದರೆ ಸರ್’ ಅವರದು. ಅದೇ ಪೆಟ್ಟು ತಿಂದ ಮೊಣಕೈ.

ಈಗ ತರಗತಿಗೆ ಹೋದರೆ ಕಣ್ಣು ತಂಪಾಗುತ್ತದೆ. ಕೆಲವರು ಫೋನಿನಲ್ಲಿ ಓದುತ್ತಾರೆ, ಕೆಲವರು ಬೇಕಾದ ಅಧ್ಯಾಯವನ್ನಷ್ಟೇ ಜೆರಾಕ್ಸ್ ಮಾಡಿಸಿ ಪಿನ್ ಹೊಡೆದುಕೊಂಡಿದ್ದಾರೆ. ಒಬ್ಬಳು ಮೂಳೆಗಳಿಗೆಲ್ಲ ತಾನೇ ಬಣ್ಣ ತುಂಬಿಕೊಂಡಿದ್ದಾಳೆ. ಬೇರೆ ಊರಿನ ಕಾಲೇಜಿನಿಂದ, ನಿಮ್ಮ ಚಿತ್ರಗಳಿಗೆ ನಮ್ಮ ಭಾಷೆಯಲ್ಲಿ ಹೆಸರು ಹಾಕಿಕೊಳ್ಳಬಹುದೇ ಎಂದು ಕೇಳಿ ಬರೆದಿದ್ದರು. ಕೇಳುವ ಅಗತ್ಯವೇ ಇಲ್ಲ ಎಂದು ಉತ್ತರ ಬರೆಯುವಾಗ ನಿಮ್ಮಪ್ಪನ ಮುಖ ನೋಡಬೇಕಿತ್ತು. ‘ಎರಡೂ ಕಪ್ಪು’ ಈಗ ಎರಡನೆಯ ವರ್ಷ. ಮೊನ್ನೆ ವಾರ್ಡಿನಲ್ಲಿ ಒಬ್ಬ ಅಜ್ಜಿಯ ತೋಳಿಗೆ ಮೊದಲ ಸಲ ಸೂಜಿ ಹಾಕಿದಳು. ಅಜ್ಜಿಗೆ ಚುಚ್ಚಿದ್ದೇ ಗೊತ್ತಾಗಲಿಲ್ಲವಂತೆ, “ಇನ್ನೂ ಶುರು ಮಾಡಿಲ್ವಾ ಮಗಾ?” ಎಂದು ಕೇಳಿದರಂತೆ.

ಪುಸ್ತಕದ ಮೊದಲ ಪುಟದ ಒಂದು ಜೆರಾಕ್ಸ್ ಇದರೊಂದಿಗೆ ಇಟ್ಟಿದ್ದೇನೆ. ಚಿತ್ರಗಳು ಎಂದಿರುವಲ್ಲಿ ನಿಮ್ಮಪ್ಪನ ಹೆಸರಿದೆ. ಅಷ್ಟು ವರ್ಷದ ಗೆರೆಗಳಲ್ಲಿ ಅಚ್ಚಾದ ಮೊದಲ ಹೆಸರು. ಪುಸ್ತಕದ ಪ್ರತಿ ಕೈಗೆ ಬಂದ ದಿನ ಅವರು ಆ ಪುಟವನ್ನು ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು ಮಾಡುತ್ತಿದ್ದರು. ಆಮೇಲೆ, “ಇದನ್ನ ಅವಳಿಗೆ ಕಳಿಸಿದ್ರೆ ಬೇಜಾರು ಮಾಡ್ಕೋತಾಳೇನೋ?” ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ನಿಜಕ್ಕೂ ಗೊತ್ತಿಲ್ಲ ಚಿನ್ನು. ಕಳಿಸಿದ್ದೇನೆ, ಅಷ್ಟೇ. ಅವರನ್ನು ಕ್ಷಮಿಸು ಎಂದು ಕೇಳಲು ಈ ಕಾಗದ ಬರೆದಿಲ್ಲ, ಅದು ನಿನ್ನ ಲೆಕ್ಕ. ನಾನು ಕಂಡದ್ದನ್ನು ನೀನೂ ಕಾಣಲಿ ಎಂದು ಬರೆದೆ. ನಾನೇನು ಅವರನ್ನು ಹೊಗಳಲು ಕೂತಿಲ್ಲ. ಕೆಲಸ ಚೆನ್ನಾಗಿತ್ತು, ಹೇಳಿದೆ. ಯಾರು ಮಾಡಿದ್ದರೂ ಹೇಳುತ್ತಿದ್ದೆ.

ಬಿಸಿಲಲ್ಲಿ ಟೋಪಿ ಇಲ್ಲದೆ ನಿಲ್ಲಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ರಜೆ ಯಾವಾಗ ಸಿಗುತ್ತದೆ ಬರಿ.

ಸದಾ ನಿನ್ನನ್ನೇ ನೆನೆಯುವ,
ನಿನ್ನ ಅಮ್ಮ

ಮರೆತಿದ್ದೆ: ಅಪ್ಪನಿಗೆ ಎರಡು ಸಾಲು ಬರೆಯುವ ಮನಸ್ಸಾದರೆ ಟೈಲರ್ ಅಂಗಡಿಯ ವಿಳಾಸಕ್ಕೆ ಬರೆಯಬೇಡ. ಹೋದ ತಿಂಗಳಿನಿಂದ ಆ ಕೋಣೆಯಲ್ಲಿ ಬೇರೆ ಯಾರೋ ಬಾಡಿಗೆಗಿದ್ದಾರೆ. ನನಗೆ ಬರೆಯುವ ಲಕೋಟೆಯಲ್ಲೇ ಹಾಕು, ಸಾಕು. ನಾನು ಅಡುಗೆಮನೆಯಿಂದ ಕೂಗಿ ಹೇಳುತ್ತೇನೆ.